ಎಷ್ಟು ಸೆಂಟ್ ಬಂತು?

ಫೆಬ್ರವರಿ ಬಂದರೆ ನನ್ನ ಫೋನಿಗೆ ಬಿಡುವಿಲ್ಲ. ಮೂಡಿಗೆರೆಯಿಂದ ಸೋಮವಾರಪೇಟೆ ತನಕ ಎಲ್ಲ ಕಾಫಿ ಬೆಳೆಗಾರರದೂ ಒಂದೇ ಪ್ರಶ್ನೆ: "ಸರ್, ಈ ಸಲ ಹೂಮಳೆ ಹೇಗಂತೆ?" ಹೂಮಳೆ ಅಂದರೆ ಕಾಫಿ ಮೊಗ್ಗನ್ನು ಅರಳಿಸುವ ಮಳೆ. ಆಕಾಶದ ವಿಚಾರ ನನಗೇನು ಗೊತ್ತು? "ನಿಮ್ಮ ಗಿಡದ ಮೊಗ್ಗು ಹೇಗಿದೆ?" ಅಂತ ತಿರುಗಿ ಕೇಳುತ್ತೇನೆ. ಆ ಕಡೆ ಸದ್ದೇ ಇರುವುದಿಲ್ಲ.

ಅಜ್ಜನ ಕಾಲದ ಮಳೆ ಪುಸ್ತಕ ಎಲ್ಲರ ಮನೆಯಲ್ಲೂ ಇದೆ. ಇಂಚು, ಸೆಂಟ್ (ಇಂಚಿನ ನೂರರಲ್ಲಿ ಒಂದು ಪಾಲು) ಎಲ್ಲ ಬಾಯಿಪಾಠ. ಗಿಡದ ಲೆಕ್ಕ ಮಾತ್ರ ಯಾರೂ ಬರೆದಿಡುವುದಿಲ್ಲ.

ಹೋದ ಸಲ ಇಬ್ಬರು ಅಣ್ಣತಮ್ಮಂದಿರ ರೊಬಸ್ಟಾ ಕಾಫಿ ತೋಟಕ್ಕೆ ಒಂದೇ ಸಂಜೆ 30 ಸೆಂಟ್ ಮಳೆ ಬಿತ್ತು. ಮಧ್ಯೆ ಇರುವುದು ಒಂದು ಬೇಲಿ, ಅಷ್ಟೇ. "ದೇವರು ಕೊಟ್ಟ, ಡೀಸೆಲ್ ಉಳೀತು" ಅಂತ ಅಣ್ಣ ಪಂಪ್‌ಸೆಟ್ ಒಳಗಿಟ್ಟರು. ತಮ್ಮ ಮರುದಿನವೇ ಪೈಪ್ ಎಳೆದು, ಕಮ್ಮಿ ಬಿದ್ದ ನೀರನ್ನು ಸ್ಪ್ರಿಂಕ್ಲರಿನಲ್ಲಿ ತುಂಬಿಸಿದರು. ಹತ್ತು ದಿನಕ್ಕೆ ತಮ್ಮನ ತೋಟ ಬೆಳ್ಳಗೆ. ಅಣ್ಣನದು ಅಲ್ಲಲ್ಲಿ ನಾಲ್ಕು ಹೂ. "ನನ್ನ ಕಡೆ ಮಳೆ ಕಮ್ಮಿ ಬಿತ್ತು" ಅಂತ ಈಗಲೂ ವಾದ ಮಾಡ್ತಾರೆ.

ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಬಲಿತ ಮೊಗ್ಗು ಒಣಗಿದ ಮಣ್ಣಿನಲ್ಲಿ ಕೆಲವು ದಿನ ಸುಮ್ನೆ ಕಾಯುತ್ತದೆ. 30 ಸೆಂಟ್ ಅಂದರೆ ಏಳೂವರೆ ಮಿಲಿಮೀಟರ್. ಅಷ್ಟು ನೀರು ಅದನ್ನು ಎಬ್ಬಿಸುತ್ತದೆ, ಹೊಟ್ಟೆ ತುಂಬಿಸುವುದಿಲ್ಲ. ಎದ್ದ ಮೊಗ್ಗು ಮತ್ತೆ ಮಲಗಲಾರದು. ಅರ್ಧ ಬೆಳೆದು, ಬಣ್ಣ ತಿರುಗಿ ಒಣಗುತ್ತದೆ. ರೊಬಸ್ಟಾಕ್ಕೆ ಹೆಚ್ಚುಕಮ್ಮಿ ಒಂದು ಇಂಚಾದರೂ ಬೇಕು. ಮಣ್ಣು, ಇಳಿಜಾರು ನೋಡದೆ ಎಲ್ಲ ತೋಟಕ್ಕೂ ಇದೇ ಅಳತೆ ಅಂತ ನಾನು ಹೇಳಲಾರೆ. ಆದರೆ ಬಲಿತ ಮೊಗ್ಗಿನ ಮೇಲೆ ಬಿದ್ದ ಅರೆಮಳೆ ಬಿಸಿಲಿಗಿಂತ ಜಾಸ್ತಿ ಕಾಡಿದ್ದನ್ನು ಕಂಡಿದ್ದೇನೆ.

ಇನ್ನೊಂದು ಸಂಗತಿ ಮಳೆ ಪುಸ್ತಕದಲ್ಲಿ ಸಿಗುವುದಿಲ್ಲ. ಎರಡು ವರ್ಷ ಹಿಂದೆ ಒಳ್ಳೆ ರೇಟ್ ಬಂತು ಅಂತ ಅಣ್ಣ ನೆರಳಿನ ಮರ ಕಡಿಸಿದ್ದರು. ತರಗೆಲೆ ಹೊದಿಕೆ ಹೋಗಿ ನೆಲ ಗಟ್ಟಿಯಾಗಿತ್ತು. ರೊಬಸ್ಟಾದ ಊಟದ ಬೇರು ಮೇಲುಮಣ್ಣಿನಲ್ಲೇ ಇರುವುದು ಅಲ್ವಾ? ಆ 30 ಸೆಂಟಿನಲ್ಲೂ ಬೇರಿಗೆ ಸಿಕ್ಕಿದ್ದು ಸ್ವಲ್ಪವೇ. ಪಾಪ, ಅವರನ್ನು ಬೈಯಲೂ ಮನಸ್ಸು ಬರಲಿಲ್ಲ. ಮಗಳ ಮದುವೆ ಇತ್ತು.

ಈ ಸಲ ಇಬ್ಬರಿಗೂ ಒಂದು ಮಾತು ಹೇಳಿದ್ದೇನೆ. ಇಡೀ ತೋಟಕ್ಕೆ ಒಂದೇ ಸಲ ನೀರು ಹಾಯಿಸಬೇಡಿ. ನಾಲ್ಕೈದು ದಿನ ಬಿಟ್ಟು ಬ್ಲಾಕ್ ಬ್ಲಾಕಾಗಿ ಹಾಯಿಸಿ. ರೊಬಸ್ಟಾ ಹೂವಿಗೆ ಬೇರೆ ಗಿಡದ ಪರಾಗ ಬೇಕು. ಅರಳಿದ ಬೆಳಗ್ಗೆಯೇ ಮಳೆ ಹೊಡೆದರೆ ಪರಾಗ ತೊಳೆದುಹೋಗಿ ಒಂದು ಬ್ಲಾಕ್ ಹೋದೀತು, ಮಿಕ್ಕಿದ್ದು ಉಳಿದೀತು. ತಮ್ಮ ಆಗಲೇ ಪೈಪ್ ಲೆಕ್ಕ ಹಾಕುತ್ತಿದ್ದಾರೆ. ಅಣ್ಣ ನಿನ್ನೆ ಫೋನ್ ಮಾಡಿ, ಹೂಮಳೆ ಹೇಗಂತೆ ಅಂತ ಕೇಳಿದರು.