ಸೊಲ್ಲಾಪುರದ ಸಾಹುಕಾರ, ಬೆಂಗಳೂರಿನ ಕಾರ್ಖಾನೆ, ಕಾನ್ಪುರದ ಗುಜರಿ

ಸೊಲ್ಲಾಪುರದಲ್ಲಿ ವಿಮಾನದ ಮಾತು ಎಂದರೆ ಬಹಳ ವರ್ಷ ಚಿಮಣಿಯ ಮಾತೇ ಆಗಿತ್ತು. ಹೋಟಗಿ ರಸ್ತೆಯ ವಿಮಾನ ನಿಲ್ದಾಣಕ್ಕೆ ಅಡ್ಡವಾಗಿದೆ ಎಂಬ ಕಾರಣಕ್ಕೆ ಸಿದ್ಧೇಶ್ವರ ಸಕ್ಕರೆ ಕಾರ್ಖಾನೆಯ ಚಿಮಣಿಯನ್ನು 2023ರ ಜೂನ್‌ನಲ್ಲಿ ಕೆಡವಿದರು. ಕಬ್ಬು ಬೆಳೆಯುವವರು ಒಂದು ಕಡೆ, ವ್ಯಾಪಾರಸ್ಥರು ಇನ್ನೊಂದು ಕಡೆ ನಿಂತು ಊರೇ ಎರಡಾಗಿತ್ತು. 2025ರಲ್ಲಿ ಗೋವಾಕ್ಕೆ ವಿಮಾನ ಹಾರಾಟವೂ ಶುರುವಾಯಿತು. ಈ ಗದ್ದಲದ ನಡುವೆ, ಭಾರತದಲ್ಲಿ ವಿಮಾನ ಕಟ್ಟುವ ಮೊದಲ ಕಾರ್ಖಾನೆಯನ್ನು ಹುಟ್ಟುಹಾಕಿದ ಮನುಷ್ಯ ಇದೇ ಊರಿನವನು ಎಂಬುದನ್ನು ನೆನೆದವರು ಕಡಿಮೆ. ವಾಲಚಂದ್ ಹಿರಾಚಂದ್ ಹುಟ್ಟಿದ್ದು 1882ರಲ್ಲಿ, ಸೊಲ್ಲಾಪುರದ ಗುಜರಾತಿ ಜೈನ ವ್ಯಾಪಾರಿ ಮನೆತನದಲ್ಲಿ. ಇಲ್ಲಿಯೂ ಸಾಂಗ್ಲಿಯಲ್ಲಿಯೂ ಅವರ ಹೆಸರಿನ ಕಾಲೇಜುಗಳಿವೆ. ಜತ್ತ, ಅಕ್ಕಲಕೋಟೆ ಕಡೆಯ ಕನ್ನಡದ ಹುಡುಗರು ಅಲ್ಲಿ ಓದಿ ಬರುತ್ತಾರೆ. ಹೆಸರು ಬಾಯಲ್ಲಿ ಉಳಿದಿದೆ, ಕೆಲಸ ಮರೆತುಹೋಗಿದೆ.

ಎರಡನೆಯ ಮಹಾಯುದ್ಧದ ವಿಮಾನಗಳನ್ನು ದುರಸ್ತಿ ಮಾಡಿ ಉಳಿಸುವುದು ಇಂದು ಬ್ರಿಟನ್ ಮತ್ತು ಅಮೆರಿಕದ ಶ್ರೀಮಂತರ ಹವ್ಯಾಸ, ಅಲ್ಲಿನ ಮ್ಯೂಸಿಯಂಗಳ ಪ್ರತಿಷ್ಠೆ. ಆದರೆ ಅವರು ಹೆಮ್ಮೆಯಿಂದ ತೋರಿಸುವ ಎಷ್ಟೋ ವಿಮಾನಗಳ ಜಾತಕ ತೆಗೆದು ನೋಡಿದರೆ ನಡುವಿನ ಒಂದು ಅಧ್ಯಾಯ ನಮ್ಮ ನೆಲದ್ದು. ಆ ಅಧ್ಯಾಯದಲ್ಲಿ ಸಂರಕ್ಷಣೆಯ ಕನಸು ಕಂಡವರು ಯಾರೂ ಇಲ್ಲ. ಇರುವುದು ಬಡತನ, ಜಾಣ್ಮೆ, ಮತ್ತು ಒಂದಿಷ್ಟು ಮರೆವು. ನಮ್ಮಲ್ಲಿ ಹಳೆಯ ವಿಮಾನ ಉಳಿದದ್ದು ಯಾರಿಗೋ ಅದರಿಂದ ಉಪಯೋಗವಿತ್ತು ಎಂಬುದಕ್ಕೆ. ಉಪಯೋಗ ತೀರಿದ ದಿನ ಅದು ಗುಜರಿಗೋ ಪರದೇಶಕ್ಕೋ ಹೋಯಿತು.

1939ರಲ್ಲಿ ಅಮೆರಿಕದಿಂದ ವಿಮಾನದಲ್ಲಿ ಪೂರ್ವಕ್ಕೆ ಬರುತ್ತಿದ್ದ ವಾಲಚಂದರಿಗೆ ದಾರಿಯಲ್ಲಿ ವಿಲಿಯಂ ಪಾಲಿ ಎಂಬ ಅಮೆರಿಕನ್ ಸಿಕ್ಕ. ಚೀನಾದಲ್ಲಿ ವಿಮಾನ ಜೋಡಿಸುವ ಕಾರ್ಖಾನೆ ನಡೆಸುತ್ತಿದ್ದವನು. ಮಾತಿಗೆ ಮಾತು ಬೆಳೆದು ಭಾರತದಲ್ಲೂ ಅಂಥದ್ದೊಂದು ಏಕೆ ಬೇಡ ಎಂಬಲ್ಲಿಗೆ ಬಂದಿತು. ಜಾಗ ಮತ್ತು ಬಂಡವಾಳ ಹುಡುಕುತ್ತ ಹೋದಾಗ ಕೈಹಿಡಿದದ್ದು ಮೈಸೂರು ಸಂಸ್ಥಾನ. ದಿವಾನ್ ಮಿರ್ಜಾ ಇಸ್ಮಾಯಿಲ್ 700 ಎಕರೆ ಜಮೀನನ್ನೂ 25 ಲಕ್ಷ ರೂಪಾಯಿಯನ್ನೂ ಒದಗಿಸಿದರು. 1940ರ ಡಿಸೆಂಬರ್ 23ರಂದು ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ಇಂದಿನ ಎಚ್‌ಎಎಲ್ ಅದೇ.

ಒಂದೂವರೆ ವರ್ಷವೂ ತುಂಬಿರಲಿಲ್ಲ. ಜಪಾನ್ ಯುದ್ಧಕ್ಕೆ ಇಳಿದು ಬರ್ಮಾ ಕುಸಿಯುತ್ತಿದ್ದಂತೆ 1942ರಲ್ಲಿ ಸರ್ಕಾರ ವಾಲಚಂದರ ಪಾಲನ್ನು ಕೊಂಡು ಅವರನ್ನು ಹೊರಗೆ ಕಳುಹಿಸಿತು. ಅದೇ ವರ್ಷ ಅಲ್ಲಿ ಜೋಡಿಸಿದ ಹಾಕ್ ಯುದ್ಧವಿಮಾನ ಹಾರಿತು. 1943ರಲ್ಲಿ ಇಡೀ ಕಾರ್ಖಾನೆ ಅಮೆರಿಕದ ಸೇನೆಯ ಉಸ್ತುವಾರಿಗೆ ಹೋಯಿತು. ಹೊಸದನ್ನು ಕಟ್ಟುವ ಕೆಲಸ ಹಿಂದೆ ಸರಿದು ರಿಪೇರಿ ಮುಂದೆ ಬಂದಿತು. ನೀರಿನ ಮೇಲೆ ಇಳಿಯಬಲ್ಲ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿದು ದುರಸ್ತಿಗೆ ಬರುತ್ತಿದ್ದವು. ಈಗ ನೊರೆಗೆ ಹೆಸರಾದ ಆ ಕೆರೆಯ ಬಗ್ಗೆ ಇದನ್ನು ಹೇಳಿದರೆ ನಂಬುವವರು ಕಡಿಮೆ. ಆದರೆ ಕಥೆಗೆ ಮುಖ್ಯವಾದದ್ದು ಬೇರೆ: ಆ ಮೂರು ವರ್ಷಗಳಲ್ಲಿ ಸಾವಿರಾರು ಕೆಲಸಗಾರರು ಪರದೇಶದ ವಿಮಾನಗಳನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸುವುದನ್ನು ಕಲಿತರು. ನಕ್ಷೆ ಇಲ್ಲದಿದ್ದರೂ ಭಾಗವನ್ನು ನೋಡಿ ಭಾಗವನ್ನು ಮಾಡುವ ಕೈ ಪಳಗಿತು.

ಆ ಕೈಗೆ ಪರೀಕ್ಷೆ ಬಂದದ್ದು ಕಾನ್ಪುರದಲ್ಲಿ. ಯುದ್ಧ ಮುಗಿದಾಗ ಚಕೇರಿ ವಾಯುನೆಲೆಯಲ್ಲಿ ಬ್ರಿಟಿಷರ ಲಿಬರೇಟರ್ ಬಾಂಬರ್‌ಗಳು ಸಾಲುಸಾಲಾಗಿ ನಿಂತಿದ್ದವು. ಅಮೆರಿಕ ಸಾಲದ ಮೇಲೆ ಕೊಟ್ಟ ವಿಮಾನಗಳು ಅವು; ಕರಾರಿನ ಪ್ರಕಾರ ಹಿಂತಿರುಗಿಸಬೇಕು, ಇಲ್ಲವೇ ನಾಶ ಮಾಡಬೇಕು. ಹಿಂತಿರುಗಿಸುವ ಖರ್ಚು ಯಾರಿಗೂ ಬೇಡವಾಗಿತ್ತು. ಹಾಗಾಗಿ ಉಪಕರಣಗಳನ್ನು ಸುತ್ತಿಗೆಯಿಂದ ಒಡೆದು, ಎಂಜಿನ್‌ಗಳಿಗೆ ಮರಳು ಸುರಿದು, ಮೈಗೆ ಬುಲ್ಡೋಜರ್ ತಾಗಿಸಿ ಬಿಟ್ಟು ಹೋದರು. ಇನ್ನು ಇವು ಏಳುವುದಿಲ್ಲ ಎಂಬುದು ಹೊರಗಿನ ತಜ್ಞರ ಖಚಿತ ಅಭಿಪ್ರಾಯವಾಗಿತ್ತು.

ಸ್ವತಂತ್ರ ಭಾರತಕ್ಕೆ ಬಾಂಬರ್ ಬೇಕಿತ್ತು, ಕೊಳ್ಳಲು ಹಣವಿರಲಿಲ್ಲ. ಎಚ್‌ಎಎಲ್‌ನವರು ಚಕೇರಿಗೆ ಹೋಗಿ ಆ ರಾಶಿಯಲ್ಲಿ ಯಾವುದಕ್ಕೆ ರೆಕ್ಕೆ ಚೆನ್ನಾಗಿದೆ, ಯಾವುದರ ಎಂಜಿನ್‌ನ ಒಳಗೆ ಮರಳು ಕಡಿಮೆ ಇಳಿದಿದೆ ಎಂದು ಒಂದೊಂದಾಗಿ ನೋಡಿದರು. ಒಂದರ ಭಾಗ ತೆಗೆದು ಇನ್ನೊಂದಕ್ಕೆ ಹಾಕಿದರು. ಹಾರುವಷ್ಟು ಮಾತ್ರ ಸರಿಮಾಡಿ, ಉಳಿದ ರಿಪೇರಿಗೆ ಬೆಂಗಳೂರಿಗೆ ತರಬೇಕು. ಆ ಸ್ಥಿತಿಯಲ್ಲಿ ನಾಲ್ಕು ಎಂಜಿನ್‌ನ ಬಾಂಬರನ್ನು ಅಷ್ಟು ದೂರ ಹಾರಿಸಿ ತಂದವರು ಕಂಪನಿಯ ಟೆಸ್ಟ್ ಪೈಲಟ್ ಜಮ್ಶೆಡ್ ಮುನ್ಶಿ. ಅದಕ್ಕೆ ಮುಂಚೆ ಅವರಿಗೆ ಲಿಬರೇಟರ್‌ನ ಅನುಭವವೇ ಇರಲಿಲ್ಲ! 1948ರ ನವೆಂಬರ್‌ನಿಂದ ಈ ವಿಮಾನಗಳು ವಾಯುಪಡೆಯ ಐದನೆಯ ಸ್ಕ್ವಾಡ್ರನ್ ಸೇರತೊಡಗಿದವು. ಹೀಗೆ ಸುಮಾರು 40 ಲಿಬರೇಟರ್‌ಗಳು ಮರುಹುಟ್ಟು ಪಡೆದವು, ಕೊನೆಯವು 1968ರವರೆಗೆ ಸೇವೆಯಲ್ಲಿದ್ದವು. ಜಗತ್ತಿನ ಬೇರೆ ಯಾವ ವಾಯುಪಡೆಯೂ ಆ ವಿಮಾನವನ್ನು ಅಷ್ಟು ಕಾಲ ಇಟ್ಟುಕೊಳ್ಳಲಿಲ್ಲ.

ಇದರ ಫಲ ಎಲ್ಲೋ ಹೋಗಿ ಯಾರಿಗೋ ದಕ್ಕಿತು. 18,000ಕ್ಕೂ ಹೆಚ್ಚು ಲಿಬರೇಟರ್‌ಗಳನ್ನು ಕಟ್ಟಿದ ಅಮೆರಿಕ ಯುದ್ಧ ಮುಗಿದೊಡನೆ ಅವನ್ನು ಕರಗಿಸಿ ಪಾತ್ರೆ ಪಗಡಕ್ಕೆ ಬೇಕಾದ ಅಲ್ಯೂಮಿನಿಯಂ ಮಾಡಿಕೊಂಡಿತ್ತು. ಇಪ್ಪತ್ತು ವರ್ಷದ ಮೇಲೆ ತಮ್ಮದೇ ವಿಮಾನ ನೋಡಬೇಕು ಎಂಬ ಆಸೆ ಹುಟ್ಟಿದಾಗ ಹುಡುಕಿಕೊಂಡು ಬರಬೇಕಾದದ್ದು ಭಾರತಕ್ಕೆ. ಲಂಡನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂ, ಅರಿಝೋನಾದ ಪಿಮಾ ಮ್ಯೂಸಿಯಂ, ಕೆನಡಾದ ಒಟ್ಟಾವಾದ ಮ್ಯೂಸಿಯಂ ಇವುಗಳಲ್ಲಿರುವ ಲಿಬರೇಟರ್‌ಗಳು ನಮ್ಮ ವಾಯುಪಡೆಯವೇ. ಕೆನಡಾದವರು ಬದಲಿಗೆ ಒಂದು ಲೈಸಾಂಡರ್ ವಿಮಾನ ಕೊಟ್ಟರು, ಅದು ದೆಹಲಿಯ ಪಾಲಂ ಮ್ಯೂಸಿಯಂನಲ್ಲಿದೆ. ಅಲ್ಲಿಯೇ ನಮ್ಮ ಪಾಲಿನ ಒಂದು ಲಿಬರೇಟರೂ ಇದೆ. ಇನ್ನೊಂದು ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ ಕೈಸೇರಿ, ವರ್ಷಗಟ್ಟಲೆ ದುರಸ್ತಿ ಕಂಡು, 1989ರಲ್ಲಿ ಮತ್ತೆ ಹಾರಿತು.

ಬಾಂಬರ್‌ಗಳ ಕಥೆ ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ, ಅಲ್ಲಿ ನಮ್ಮವರ ಕೈಕೆಲಸವಿದೆ. ಯುದ್ಧವಿಮಾನಗಳ ವಿಷಯದಲ್ಲಿ ನಮ್ಮದು ಹೆಚ್ಚಾಗಿ ಮರೆವಿನ ಪಾತ್ರ. ಸ್ಪಿಟ್‌ಫೈರ್ ಮತ್ತು ಟೆಂಪೆಸ್ಟ್‌ಗಳು 1947ರ ಕಾಶ್ಮೀರ ಕಾಳಗದಲ್ಲಿ ದುಡಿದವು. ಜೆಟ್‌ಗಳು ಬಂದ ಮೇಲೆ ಅವಕ್ಕೆ ಕೆಲಸವಿಲ್ಲದಾಯಿತು. ಕೆಲವನ್ನು ಶತ್ರುವಿನ ಕಣ್ಣಿಗೆ ಮಣ್ಣೆರಚಲು ವಾಯುನೆಲೆಗಳ ಅಂಚಿನಲ್ಲಿ ಹುಸಿ ವಿಮಾನಗಳಾಗಿ ನಿಲ್ಲಿಸಿದರು, ಕೆಲವನ್ನು ಎಂಜಿನಿಯರಿಂಗ್ ಕಾಲೇಜುಗಳಿಗೆ ಪಾಠಕ್ಕೆಂದು ಕೊಟ್ಟರು. ಮಳೆಯಲ್ಲಿ ನೆನೆದು ಬಿಸಿಲಲ್ಲಿ ಒಣಗಿದವು, ಆದರೆ ಯಾರೂ ಕತ್ತರಿಸಲಿಲ್ಲ. 1970ರ ದಶಕದಲ್ಲಿ ಇದರ ಸುಳಿವು ಹಿಡಿದ ಬ್ರಿಟಿಷ್ ಸಂಗ್ರಾಹಕರು ಬಂದರು. ಓರ್ಮಂಡ್ ಹೇಡನ್-ಬೈಲಿ ಮತ್ತು ಆತನ ಸೋದರ ಸ್ಪಿಟ್‌ಫೈರ್‌ಗಳನ್ನು ಕೊಂಡು ಸಾಗಿಸಿದರು. ಟೆಂಪೆಸ್ಟ್‌ಗಳೂ ಹಾಗೆಯೇ ಹೋದವು. ಅವುಗಳಲ್ಲೊಂದು 2023ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನಲ್ಲಿ ಮತ್ತೆ ಆಕಾಶಕ್ಕೆ ಏರಿತು. ದುರಸ್ತಿಗೆ ನಾಲ್ಕು ದಶಕ ಹಿಡಿಯಿತು ಎಂದಂತಾಯಿತು.

ಎಲ್ಲಕ್ಕಿಂತ ವಿಚಿತ್ರವಾದದ್ದು ಕಾಶಿಯ ಹರಿಕೇನ್. ಆರ್ 4118 ಸಂಖ್ಯೆಯ ಈ ವಿಮಾನ 1940ರಲ್ಲಿ ಬ್ರಿಟನ್ನಿನ ಆಕಾಶದ ಕದನದಲ್ಲಿ 605ನೆಯ ಸ್ಕ್ವಾಡ್ರನ್ ಪರವಾಗಿ 49 ಬಾರಿ ಹಾರಿ, ಐದು ಶತ್ರು ವಿಮಾನಗಳನ್ನು ಉರುಳಿಸಿದ್ದು. ಆಮೇಲೆ ತರಬೇತಿಗೆಂದು ಹಡಗಿನಲ್ಲಿ ಭಾರತಕ್ಕೆ ಬಂದು, ಕೊನೆಗೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗ ಸೇರಿತು. ಹಳೆಯ ರೋಲ್ಸ್ ರಾಯ್ಸ್ ಕಾರುಗಳ ಹುಚ್ಚು ಹತ್ತಿಸಿಕೊಂಡು ಭಾರತ ಸುತ್ತುತ್ತಿದ್ದ ಪೀಟರ್ ವಾಚರ್ 1982ರಲ್ಲಿ ಅದನ್ನು ಕಂಡ. ಕೊಂಡು ಸಾಗಿಸಲು ಸಾಧ್ಯವಾದದ್ದು 2001ರಲ್ಲಿ. ನಡುವೆ ಎಷ್ಟು ಕಚೇರಿಯ ಎಷ್ಟು ಮೆಟ್ಟಿಲು ಹತ್ತಿದನೋ, ಸರ್ಕಾರಿ ಕಡತ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. 2004ರ ಡಿಸೆಂಬರ್‌ನಲ್ಲಿ ಅದು ಮತ್ತೆ ಹಾರಿತು.

ಹರಿಕೇನ್ ಬದುಕಿ ಬಂದದ್ದಕ್ಕೆ ಅದರ ರಚನೆಯೂ ಕಾರಣ. ಅದರ ಒಳಗಿನ ಅಸ್ಥಿಪಂಜರ ಲೋಹದ ಕೊಳವೆಗಳದ್ದು. ಕೊಳವೆಯ ತುದಿಯನ್ನು ಚೌಕಾಕಾರಕ್ಕೆ ತಂದು, ಪಟ್ಟಿ ಇಟ್ಟು, ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಬೆಸುಗೆಯ ಗೊಡವೆ ಕಡಿಮೆ. ಒಂದು ಕೊಳವೆ ಹಾಳಾದರೆ ಅದೊಂದನ್ನೇ ಬದಲಿಸಬಹುದು. ಅದರ ಮೇಲೆ ಮರದ ಪಟ್ಟಿಗಳು, ಮರದ ಮೇಲೆ ಲಿನನ್ ಬಟ್ಟೆ. ಬಟ್ಟೆಯನ್ನು ಎಳೆದು ಹೊಲಿದು, ಡೋಪ್ ಎಂಬ ಘಾಟು ವಾಸನೆಯ ದ್ರವವನ್ನು ಪದರ ಪದರವಾಗಿ ಬಳಿಯುತ್ತಾರೆ. ಒಣಗುತ್ತ ಒಣಗುತ್ತ ಬಟ್ಟೆ ಬಿಗಿದುಕೊಂಡು, ಬೆರಳಿನಿಂದ ತಟ್ಟಿದರೆ ಟಣ್ ಎನ್ನುವಂತಾಗುತ್ತದೆ. ಮರವೂ ಬಟ್ಟೆಯೂ ನಮ್ಮ ಹವೆಯಲ್ಲಿ ಬೇಗ ಹೋಗುತ್ತವೆ. ಕೊಳವೆ ಉಳಿಯುತ್ತದೆ.

ಸ್ಪಿಟ್‌ಫೈರ್ ಹಾಗಲ್ಲ. ಅದರ ಹೊರಗಿನ ಅಲ್ಯೂಮಿನಿಯಂ ಹಾಳೆಯೇ ಭಾರ ಹೊರುವ ಮೈ. ರೆಕ್ಕೆಯ ಮುಖ್ಯ ತೊಲೆಯನ್ನು ಚೌಕ ಕೊಳವೆಗಳನ್ನು ಒಂದರೊಳಗೊಂದು ತೂರಿಸಿ ಮಾಡಿದ್ದಾರೆ. ಬುಡದಲ್ಲಿ ಪದರ ಹೆಚ್ಚು, ತುದಿಗೆ ಹೋದಂತೆ ಕಡಿಮೆ. ಹಗುರಕ್ಕೂ ಬಲಕ್ಕೂ ಒಳ್ಳೆಯ ಉಪಾಯ, ರಿಪೇರಿಯವನಿಗೆ ತಲೆನೋವು. ಎರಡು ಪದರಗಳ ನಡುವೆ ನೀರು ನಿಂತರೆ, ಉಕ್ಕಿನ ಬೋಲ್ಟು ಅಲ್ಯೂಮಿನಿಯಂಗೆ ತಾಗುವಲ್ಲಿ ತೇವ ಸೇರಿದರೆ, ಬಿಳಿಯ ಪುಡಿ ಏಳುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ರಿವೆಟ್ ಕೊರೆದು ಹಾಳೆ ಎತ್ತಿದಾಗ ಒಳಗೆ ಲೋಹ ಪದರ ಪದರವಾಗಿ ಎದ್ದಿರುತ್ತದೆ. ಈ ವಿಮಾನಗಳನ್ನು ಕಟ್ಟಿದವರಿಗೆ ತುಕ್ಕಿನ ಚಿಂತೆ ಇರಲೂ ಇಲ್ಲ. ಕೆಲವು ತಿಂಗಳು ಬಾಳಿದರೆ ಸಾಕು ಎಂಬ ಲೆಕ್ಕದ ಯಂತ್ರಗಳು ಅವು. ಎಂಬತ್ತು ವರ್ಷದ ಮೇಲೆ ಹಾರಿಸಬೇಕೆಂದರೆ ಹಾಳೆ, ರಿವೆಟ್, ತೊಲೆ ಬಹುಪಾಲು ಹೊಸದೇ ಬೇಕು.

ಹಾಗಾದರೆ ಅದು ಅದೇ ವಿಮಾನವೇ? ಸಂಗ್ರಾಹಕರ ನಡುವೆ ಈ ಜಗಳ ಮುಗಿಯುವುದಿಲ್ಲ. ಕಾಕ್‌ಪಿಟ್‌ನಲ್ಲಿದ್ದ ಸಂಖ್ಯೆಯ ತಗಡು ಮತ್ತು ಒಂದಿಷ್ಟು ಮೂಲ ಭಾಗ ಇದ್ದರೆ ಅದೇ ಎನ್ನುವವರಿದ್ದಾರೆ. ಹಾರಲು ಬಿಡದೆ ಇದ್ದಂತೆ ಇಟ್ಟದ್ದೇ ನಿಜವಾದದ್ದು ಎನ್ನುವವರೂ ಇದ್ದಾರೆ. ನಮ್ಮ ಹಳ್ಳಿಯ ತೇರಿಗೆ ಗಾಲಿ ಬದಲಾಗುತ್ತದೆ, ಅಚ್ಚು ಬದಲಾಗುತ್ತದೆ, ಅಜ್ಜನ ಕಾಲದ ತೇರು ಎನ್ನುವುದನ್ನು ಯಾರೂ ಬಿಡುವುದಿಲ್ಲ. ನನಗೆ ಆ ಲೆಕ್ಕವೇ ಒಪ್ಪಿಗೆ, ಯಾವುದನ್ನು ಯಾವಾಗ ಬದಲಿಸಿದರು ಎಂದು ಬರೆದಿಟ್ಟಿದ್ದರೆ. ನಮ್ಮ ವಾಯುಪಡೆಗೆ 2018ರಲ್ಲಿ ಬಂದ ‘ಪರಶುರಾಮ’ ಡಕೋಟಾ ವಿಮಾನವನ್ನೇ ನೋಡಿ. ರಾಜೀವ್ ಚಂದ್ರಶೇಖರ್ ತಮ್ಮ ತಂದೆಯ ಗೌರವಾರ್ಥ ಬ್ರಿಟನ್ನಿನಲ್ಲಿ ಸರಿಮಾಡಿಸಿ ಕೊಟ್ಟದ್ದು. ಅದರ ಮೇಲಿನ ವಿಪಿ 905 ಎಂಬ ಸಂಖ್ಯೆ 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಇಳಿಸಿದ ಬೇರೊಂದು ಡಕೋಟಾದ್ದು. ಸ್ಮರಣೆಗೆ ಹಾಕಿದ ಸಂಖ್ಯೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ, ಅಲ್ಲಿಗೆ ತಕರಾರಿಲ್ಲ.

ಹಾರಿಸುವುದರ ಬೆಲೆಯೂ ದೊಡ್ಡದು. ನಮ್ಮ ಲಿಬರೇಟರನ್ನು ಹಾರಿಸುತ್ತಿದ್ದ ಕಾಲಿಂಗ್ಸ್ ಫೌಂಡೇಶನ್ನಿನದೇ ಒಂದು ಬಿ-17 ಬಾಂಬರ್ 2019ರ ಅಕ್ಟೋಬರ್‌ನಲ್ಲಿ ಅಪಘಾತಕ್ಕೀಡಾಗಿ ಏಳು ಜನ ಸತ್ತರು. 2022ರಲ್ಲಿ ಡಲ್ಲಾಸ್‌ನ ಪ್ರದರ್ಶನದಲ್ಲಿ ಎರಡು ಹಳೆಯ ವಿಮಾನಗಳು ಆಕಾಶದಲ್ಲೇ ಡಿಕ್ಕಿ ಹೊಡೆದು ಆರು ಜನ ಹೋದರು. ಸತ್ತ ವಿಮಾನವನ್ನು ಮತ್ತೆ ಕಟ್ಟಬಹುದು ಎಂಬ ಧೈರ್ಯ ಮನುಷ್ಯರಿಗೆ ಅನ್ವಯಿಸುವುದಿಲ್ಲವಲ್ಲ. ನಮ್ಮ ವಾಯುಪಡೆಯ ಹಳೆಯ ವಿಮಾನಗಳ ತುಕಡಿ ಈ ವಿಷಯದಲ್ಲಿ ಎಚ್ಚರಿಕೆಯದ್ದು. ಅದರ ಸ್ಪಿಟ್‌ಫೈರ್ 1980ರ ದಶಕದಲ್ಲಿ ಹಾರುತ್ತಿತ್ತು, ಆಮೇಲೆ ನೆಲದಲ್ಲೇ ಉಳಿಯಿತು. 2012ರಲ್ಲಿ ಬ್ರಿಟನ್ನಿನಲ್ಲಿ ದುರಸ್ತಿಯಾದ ಟೈಗರ್ ಮಾತ್ ಹಿಂಡನ್ ವಾಯುನೆಲೆಯಲ್ಲಿ ಹಾರಿತು. ಒಂದು ಕಾಲಕ್ಕೆ ಮರಳು ತುಂಬಿದ ಬಾಂಬರ್‌ಗಳನ್ನು ಬೆಂಗಳೂರಿನಲ್ಲೇ ಎಬ್ಬಿಸಿದ ದೇಶ, ಈಗ ಕೊಳವೆ, ಮರ ಮತ್ತು ಬಟ್ಟೆಯ ಒಂದು ತರಬೇತಿ ವಿಮಾನವನ್ನು ಸರಿಮಾಡಿಸಲು ಇಂಗ್ಲೆಂಡಿಗೆ ಕಳುಹಿಸಬೇಕಾಯಿತು. ಇದು ನನ್ನನ್ನು ಚುಚ್ಚುವ ಸಂಗತಿ. ಕೌಶಲವನ್ನು ಮುಂದಿನ ತಲೆಮಾರಿಗೆ ದಾಟಿಸುವ ವ್ಯವಸ್ಥೆಯನ್ನೇ ನಾವು ಮಾಡಲಿಲ್ಲ.

ಗಡಿಯ ಈಚೆಗಿನ ಮಹಾರಾಷ್ಟ್ರದವರು ಹೆಮ್ಮೆಪಡಲು ಇನ್ನೊಂದು ಹೆಸರಿದೆ, ಇಲ್ಲೇ ಹೇಳಿಬಿಡುತ್ತೇನೆ. ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ಹತ್ತಿರದ ಹಸೂರಚಂಪು ಗ್ರಾಮದ ವಿ.ಎಂ. ಘಾಟಗೆ ಜರ್ಮನಿಯ ಗಟ್ಟಿಂಗನ್‌ನಲ್ಲಿ ವಾಯುಬಲ ವಿಜ್ಞಾನಿ ಪ್ರಾಂಟ್ಲ್ ಕೈಕೆಳಗೆ ಓದಿ, ಯುದ್ಧಕಾಲದಲ್ಲಿ ಎಚ್‌ಎಎಲ್‌ನಲ್ಲಿ ಗ್ಲೈಡರ್ ರೂಪಿಸಿದರು. 1951ರಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನ ಅವರದೇ ವಿನ್ಯಾಸ. ಹಾಗೆಯೇ, 1941ರಲ್ಲಿ ಹುಟ್ಟಿದ ಬ್ರಿಟಿಷ್ ವಾಯುಪಡೆಯ 129ನೆಯ ಸ್ಪಿಟ್‌ಫೈರ್ ಸ್ಕ್ವಾಡ್ರನ್ ಮೈಸೂರಿನ ಹೆಸರು ಹೊತ್ತಿತ್ತು, ಅದರ ಲಾಂಛನದಲ್ಲಿ ನಮ್ಮ ಗಂಡಭೇರುಂಡ ಇತ್ತು.

ಇನ್ನು ಕಾನೂನಿನ ಮಾತು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಒಂದು ವಸ್ತು ಪ್ರಾಚ್ಯ ಎನಿಸಿಕೊಳ್ಳಲು ಕನಿಷ್ಠ 100 ವರ್ಷ ಹಳೆಯದಾಗಿರಬೇಕು, ಹಸ್ತಪ್ರತಿಯಾದರೆ 75. ಅಂದರೆ ಮಹಾಯುದ್ಧದ ವಿಮಾನ ಯಾವುದೂ 2040ರ ಸುಮಾರಿನವರೆಗೆ ಆ ರಕ್ಷಣೆಗೆ ಒಳಪಡುವುದಿಲ್ಲ. ಈಗಿರುವ ತಡೆ ಎಂದರೆ ಸರ್ಕಾರದ ಅನುಮತಿ, ಅದೂ ಆ ವಸ್ತು ಏನೆಂದು ಯಾರಿಗಾದರೂ ಗೊತ್ತಿದ್ದರೆ. 2023ರಲ್ಲಿ ಚಂಡೀಗಡದಲ್ಲಿ ವಾಯುಪಡೆಯ ಪರಂಪರೆ ಕೇಂದ್ರ ತೆರೆದಿದ್ದಾರೆ, ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿ ಎಚ್‌ಎಎಲ್‌ನದೇ ಮ್ಯೂಸಿಯಂ ಇದೆ. ದೊಡ್ಡ ವಿಮಾನಗಳಿಗೆ ಮನೆ ಸಿಕ್ಕಿದೆ ಎನ್ನಬಹುದು. ಉಳಿದಿರುವ ಆತಂಕ ಚಿಕ್ಕ ವಸ್ತುಗಳದ್ದು: ಕಾಲೇಜುಗಳ ವರ್ಕ್‌ಶಾಪಿನ ಮೂಲೆಯಲ್ಲಿ ಪಾಠಕ್ಕೆಂದು ಬಂದು ಕುಳಿತ ಎಂಜಿನ್, ರೆಕ್ಕೆಯ ತುಂಡು, ಮೀಟರುಗಳ ಫಲಕ. ಅವನ್ನು ಗುಜರಿ ಟೆಂಡರಿಗೆ ಹಾಕುವ ಮುಂಚೆ ಮೇಲಿನ ದೂಳು ಒರೆಸಿ, ತಗಡಿನ ಪಟ್ಟಿಯಲ್ಲಿರುವ ಸಂಖ್ಯೆಯನ್ನು ಬರೆದುಕೊಂಡು, ಫೋಟೊ ತೆಗೆದು ವಾಯುಪಡೆಯ ಮ್ಯೂಸಿಯಂಗೆ ಒಂದು ಪತ್ರ ಹಾಕಲು ಪ್ರಯೋಗಾಲಯದ ಸಹಾಯಕರೇ ಸಾಕು. ಖರ್ಚು ಅಂಚೆಯದ್ದು ಮಾತ್ರ.