ಅಮೈನೋ ಆಮ್ಲ ಪೂರಣ: ಕೊರತೆ ಯಾವುದರದು?

ಅಚ್ಚುಮೊಳೆ ಜೋಡಿಸುವವನ ಬಳಿ ‘ಕ’ ಅಕ್ಷರದ ಮೊಳೆಗಳು ಮುಗಿದುಹೋದರೆ, ಉಳಿದ ಅಕ್ಷರಗಳು ಪೆಟ್ಟಿಗೆಯ ತುಂಬ ಇದ್ದರೂ ಪುಟ ಅಲ್ಲಿಗೇ ನಿಲ್ಲುತ್ತದೆ. ಕೋಶದಲ್ಲಿ ಪ್ರೋಟೀನನ್ನು ಜೋಡಿಸುವ ರೈಬೋಸೋಮಿನ ಕೆಲಸವೂ ಹೀಗೆಯೇ. ಪ್ರೋಟೀನಿನ 20 ಅಮೈನೋ ಆಮ್ಲಗಳಲ್ಲಿ ಅಗತ್ಯಕ್ಕೆ ಹೋಲಿಸಿದಾಗ ಅತ್ಯಂತ ಕಡಿಮೆ ಇರುವುದು ಯಾವುದೋ, ಅದೇ ಒಟ್ಟು ತಯಾರಿಕೆಯ ಮಿತಿಯನ್ನು ಗೊತ್ತುಮಾಡುತ್ತದೆ. ಅದನ್ನು ಮಿತಿಕಾರಕ ಅಮೈನೋ ಆಮ್ಲ ಎನ್ನುತ್ತೇವೆ. ಕೋಶ ಕೃಷಿ (ದೇಹದ ಹೊರಗೆ ಕೋಶಗಳನ್ನು ಬೆಳೆಸುವುದು), ಹುದುಗುವಿಕೆ, ಮಾನವ ಪೋಷಣೆ ಇವು ಪಠ್ಯದಲ್ಲಿ ಮೂರು ಬೇರೆ ಅಧ್ಯಾಯಗಳಾಗಿದ್ದರೂ ಪೂರಣದ, ಅಂದರೆ ಅಮೈನೋ ಆಮ್ಲವನ್ನು ಹೊರಗಿನಿಂದ ಸೇರಿಸುವುದರ, ಲೆಕ್ಕ ಮೂರರಲ್ಲೂ ಇಲ್ಲಿಂದಲೇ ಆರಂಭವಾಗುತ್ತದೆ.

ವಯಸ್ಕ ಮನುಷ್ಯನಿಗೆ ಆಹಾರದಿಂದಲೇ ಬರಬೇಕಾದ ಅಮೈನೋ ಆಮ್ಲಗಳು ಒಂಬತ್ತು. ಆದರೆ 1955ರಲ್ಲಿ ಹ್ಯಾರಿ ಈಗಲ್ ಅವರು ಹೀಲಾ ಎಂಬ ಮಾನವ ಕ್ಯಾನ್ಸರ್ ಕೋಶಗಳನ್ನೂ ಇಲಿಯ ಎಲ್ ಕೋಶಗಳನ್ನೂ ಬೆಳೆಸಿ ನೋಡಿದಾಗ ಹದಿಮೂರು ಬೇಕಾದವು. ಹೆಚ್ಚಿನ ನಾಲ್ಕು ಆರ್ಜಿನೀನ್, ಸಿಸ್ಟೀನ್, ಟೈರೋಸೀನ್ ಮತ್ತು ಗ್ಲುಟಮಿನ್. ದೇಹದಲ್ಲಿ ಫಿನೈಲಲನೀನನ್ನು ಟೈರೋಸೀನಾಗಿಸುವುದು ಮುಖ್ಯವಾಗಿ ಯಕೃತ್ತು. ಆರ್ಜಿನೀನಿನ ತಯಾರಿಕೆಯನ್ನು ಕರುಳು ಮತ್ತು ಮೂತ್ರಪಿಂಡಗಳು ಹಂಚಿಕೊಂಡು ಮಾಡುತ್ತವೆ. ತಟ್ಟೆಯಲ್ಲಿ ಒಂಟಿಯಾಗಿರುವ ಕೋಶಕ್ಕೆ ಈ ನೆರೆಹೊರೆಯ ನೆರವಿಲ್ಲ. ಆದ್ದರಿಂದ ‘ಅತ್ಯಗತ್ಯ’ ಎಂಬುದು ಅಮೈನೋ ಆಮ್ಲದ ಗುಣವಲ್ಲ, ಅದನ್ನು ಬಳಸುವ ವ್ಯವಸ್ಥೆಯ ಗುಣ ಎಂದು ತಿಳಿಯಬೇಕು. ಪರೀಕ್ಷೆಯಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ ಎಂದು ನನ್ನ ಅನಿಸಿಕೆ.

ಇವುಗಳಲ್ಲಿ ಗ್ಲುಟಮಿನ್ ವಿಶೇಷ ಗಮನ ಬೇಡುತ್ತದೆ. ಇದು ಪ್ರೋಟೀನಿನ ಘಟಕವಷ್ಟೇ ಅಲ್ಲದೆ ಕೋಶಕ್ಕೆ ಶಕ್ತಿಯ ಮೂಲವೂ ನ್ಯೂಕ್ಲಿಯೋಟೈಡುಗಳಿಗೆ ಸಾರಜನಕದ ಮೂಲವೂ ಆಗಿರುವುದರಿಂದ, ಕೋಶ ಬೆಳೆಸುವ ಪೋಷಕ ದ್ರಾವಣದಲ್ಲಿ, ಅಂದರೆ ಮಾಧ್ಯಮದಲ್ಲಿ, ಸಾಮಾನ್ಯವಾಗಿ 2ರಿಂದ 4 ಮಿಲಿಮೋಲಾರ್‌ನಷ್ಟು, ಅಂದರೆ ಬೇರೆ ಹಲವು ಅಮೈನೋ ಆಮ್ಲಗಳಿಗಿಂತ ಎಷ್ಟೋ ಹೆಚ್ಚು ಇರುತ್ತದೆ. ತೊಂದರೆಯೆಂದರೆ ಇದು ದ್ರಾವಣದಲ್ಲಿ ತಾನಾಗಿಯೇ ಒಡೆಯುತ್ತದೆ: 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಒಂದು ವಾರದೊಳಗೆ ಅರ್ಧದಷ್ಟು ನಷ್ಟವಾಗಿ, ಕೋಶಗಳಿಗೆ ಹಾನಿಕರವಾದ ಅಮೋನಿಯಾ ಹೊರಬರುತ್ತದೆ. ಹಳೆಯ ಮಾಧ್ಯಮದ 500 ಮಿಲಿಲೀಟರ್ ಬಾಟಲಿಗೆ 200 ಮಿಲಿಮೋಲಾರ್ ದ್ರಾವಣವನ್ನು 5 ಮಿಲಿಲೀಟರ್ ಸೇರಿಸಿದರೆ ಸುಮಾರು 2 ಮಿಲಿಮೋಲಾರ್ ಗ್ಲುಟಮಿನ್ ಮರಳಿ ಬರುತ್ತದೆ, ಸರಿ. ಆದರೆ ಆಗಲೇ ಸೇರಿಕೊಂಡಿರುವ ಅಮೋನಿಯಾ ಅಲ್ಲಿಯೇ ಉಳಿಯುತ್ತದೆ. ಈ ಕಾರಣಕ್ಕಾಗಿಯೇ ಒಡೆಯದೆ ಉಳಿಯುವ ಅಲನೈಲ್-ಗ್ಲುಟಮಿನ್ ಎಂಬ ಡೈಪೆಪ್ಟೈಡನ್ನು (ಎರಡು ಅಮೈನೋ ಆಮ್ಲಗಳ ಜೋಡಿಯನ್ನು) ಬಳಸುವುದುಂಟು. ಕೋಶಗಳು ಅದನ್ನು ತಮಗೆ ಬೇಕಾದಂತೆ ಸೀಳಿಕೊಳ್ಳುತ್ತವೆ. ಟೈರೋಸೀನಿನ ತೊಡಕು ಬೇರೆ ಬಗೆಯದು: ಅದು ಒಂದು ಲೀಟರ್ ನೀರಿನಲ್ಲಿ ಅರ್ಧ ಗ್ರಾಂನಷ್ಟೂ ಕರಗುವುದಿಲ್ಲ, ಹಾಗಾಗಿ ಅದನ್ನು ಕ್ಷಾರೀಯ ದ್ರಾವಣದಲ್ಲಿ ಕರಗಿಸಿ ಪ್ರತ್ಯೇಕವಾಗಿ ಉಣಿಸಬೇಕಾಗುತ್ತದೆ.

ಹುದುಗುವಿಕೆಗೆ ಬಂದಾಗ ತರ್ಕವೇ ತಲೆಕೆಳಗಾಗುತ್ತದೆ. ಜಪಾನಿನಲ್ಲಿ ಕಿನೋಶಿತಾ ಮತ್ತು ಸಂಗಡಿಗರು 1950ರ ದಶಕದಲ್ಲಿ ಗುರುತಿಸಿದ ಕೊರಿನೆಬ್ಯಾಕ್ಟೀರಿಯಂ ಗ್ಲುಟಾಮಿಕಂ ಇದಕ್ಕೆ ಒಳ್ಳೆಯ ಉದಾಹರಣೆ. ಈ ಬ್ಯಾಕ್ಟೀರಿಯಾದಲ್ಲಿ ಲೈಸೀನ್ ಮತ್ತು ಥ್ರಿಯೋನೀನ್ ಎರಡೂ ಒಟ್ಟಾಗಿ ಹೆಚ್ಚಿದಾಗ ಆಸ್ಪಾರ್ಟೊಕೈನೇಸ್ ಎಂಬ ಕಿಣ್ವ ತಡೆಯಲ್ಪಟ್ಟು, ಲೈಸೀನಿನ ತಯಾರಿಕೆ ಕುಗ್ಗುತ್ತದೆ. ಲೈಸೀನನ್ನು ಹೆಚ್ಚು ಪಡೆಯಲು, ಥ್ರಿಯೋನೀನ್ ಮತ್ತು ಮಿಥಿಯೋನೀನ್ ಎರಡಕ್ಕೂ ಮೂಲವಾದ ಹೋಮೋಸೆರೀನನ್ನು ತಯಾರಿಸಿಕೊಳ್ಳಲಾರದ ರೂಪಾಂತರಿ ತಳಿಯನ್ನು ಆರಿಸಿಕೊಂಡರೆ ಅದಕ್ಕೆ ಥ್ರಿಯೋನೀನ್ ಮತ್ತು ಮಿಥಿಯೋನೀನನ್ನು ನಾವೇ ಹೊರಗಿನಿಂದ ಕೊಡಬೇಕು, ಆದರೆ ಕೈ ಬಿಗಿಹಿಡಿದು ಕೊಡಬೇಕು: ಪೂರ್ತಿ ನಿಲ್ಲಿಸಿದರೆ ಬೆಳವಣಿಗೆಯಿಲ್ಲ, ಧಾರಾಳವಾಗಿ ಕೊಟ್ಟರೆ ಥ್ರಿಯೋನೀನ್ ಹೆಚ್ಚಿ ತಡೆ ಮರಳಿ ಬರುತ್ತದೆ. ಇಲ್ಲಿ ಪೂರಣದ ಗುರಿ ಕೊರತೆ ನೀಗಿಸುವುದಲ್ಲ, ಅಳತೆಯ ಕೊರತೆಯನ್ನು ಕಾಪಾಡುವುದು. ಹೆಚ್ಚುವರಿಯೇ ಹಸಿವಾಗುವ ಸಂದರ್ಭವೂ ಇದೆ. ಇ. ಕೊಲೈ ಕೆ-12 ತಳಿಗೆ ಸರಳ ಮಾಧ್ಯಮದಲ್ಲಿ ವ್ಯಾಲೀನ್ ಒಂದನ್ನೇ ಸೇರಿಸಿದರೆ, ಐಸೊಲ್ಯೂಸೀನ್ ತಯಾರಿಕೆಗೂ ಬೇಕಾದ ಕಿಣ್ವವನ್ನು ಅದು ತಡೆದು ಬೆಳವಣಿಗೆಯನ್ನೇ ನಿಲ್ಲಿಸುತ್ತದೆ. ಐಸೊಲ್ಯೂಸೀನ್ ಕೊಟ್ಟೊಡನೆ ಬ್ಯಾಕ್ಟೀರಿಯಾ ಚೇತರಿಸಿಕೊಳ್ಳುತ್ತದೆ.

ಪೋಷಣೆಯಲ್ಲಿ ಧಾನ್ಯಗಳ ಮಿತಿಕಾರಕ ಲೈಸೀನ್. ವಯಸ್ಕರ ಲೈಸೀನ್ ಅಗತ್ಯವನ್ನು 1985ರ ಅಂತರರಾಷ್ಟ್ರೀಯ ವರದಿ ದಿನಕ್ಕೆ ಪ್ರತಿ ಕಿಲೋ ದೇಹತೂಕಕ್ಕೆ 12 ಮಿಲಿಗ್ರಾಂ ಎಂದಿಟ್ಟಿತ್ತು. 2007ರ ವರದಿ ಅದನ್ನು 30ಕ್ಕೆ ಏರಿಸಿತು. ಈ ಏರಿಕೆಗೆ ಆಧಾರವಾದ ಅಧ್ಯಯನಗಳಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರ ಕುರ್ಪಾಡ್ ಮತ್ತು ಸಂಗಡಿಗರು ಭಾರತೀಯ ವಯಸ್ಕರ ಮೇಲೆ ನಡೆಸಿದವೂ ಸೇರಿವೆ. ಲೆಕ್ಕ ಹಾಕಿ ನೋಡೋಣ. 60 ಕಿಲೋ ತೂಕದವರಿಗೆ ದಿನಕ್ಕೆ 1.8 ಗ್ರಾಂ ಲೈಸೀನ್ ಬೇಕು. 400 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 40 ಗ್ರಾಂ ಪ್ರೋಟೀನ್ ಇದ್ದರೂ ಲೈಸೀನ್ ಒಂದು ಗ್ರಾಂ ಮುಟ್ಟುವುದಿಲ್ಲ, ಅದರಲ್ಲಿಯೂ ಒಂದು ಪಾಲು ಜೀರ್ಣವಾಗದೆ ಹೋಗುತ್ತದೆ. ರೊಟ್ಟಿಯ ಜೊತೆಗೆ 60 ಗ್ರಾಂ ತೊಗರಿಬೇಳೆ ಬಂದರೆ ಇನ್ನು ಸುಮಾರು 0.9 ಗ್ರಾಂ ಸೇರುತ್ತದೆ. ಬೇಳೆಯಲ್ಲಿ ಕಡಿಮೆ ಇರುವ ಮಿಥಿಯೋನೀನನ್ನು ಜೋಳ ತುಂಬಿಕೊಡುತ್ತದೆ. ಮೇಲೆ ಒಂದು ಬಟ್ಟಲು ಮೊಸರಿದ್ದರೆ ಕಳೆದುಹೋದ ಪಾಲೂ ಬಹುಮಟ್ಟಿಗೆ ತುಂಬುತ್ತದೆ. ಪುಡಿಯಾಗಿ ಸೇರಿಸುವವರು ಮಾತ್ರ ಲವಣದ ತೂಕವನ್ನು ಮರೆಯಬಾರದು: ಒಂದು ಗ್ರಾಂ ಲೈಸೀನ್ ಹೈಡ್ರೋಕ್ಲೋರೈಡಿನಲ್ಲಿರುವ ಲೈಸೀನ್ 0.8 ಗ್ರಾಂ ಮಾತ್ರ.

ಇಂದು ಮಾರಾಟವಾಗುವ ಇಂಥ ಪುಡಿ, ಮಾತ್ರೆಗಳಲ್ಲಿ ಬಹುಪಾಲು ಹುದುಗು ತೊಟ್ಟಿಯಿಂದಲೇ ಬಂದವು. ಹಾಗಾಗಿ ತೊಟ್ಟಿಯಲ್ಲಿ ಆದ ಲೋಪ ತಿನ್ನುವವರವರೆಗೂ ತಲುಪಬಲ್ಲದು. 1989ರಲ್ಲಿ ಅಮೆರಿಕದಲ್ಲಿ ಟ್ರಿಪ್ಟೊಫಾನ್ ಪೂರಕ ಸೇವಿಸಿದ 1,500ಕ್ಕೂ ಹೆಚ್ಚು ಮಂದಿ ತೀವ್ರ ಸ್ನಾಯುನೋವು ಮತ್ತು ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ಕಣಗಳ ಹೆಚ್ಚಳದಿಂದ ಕಾಯಿಲೆ ಬಿದ್ದರು, ಹಲವರು ಸತ್ತರು. ಹೆಚ್ಚಿನ ಪ್ರಕರಣಗಳ ಜಾಡು ಒಬ್ಬನೇ ತಯಾರಕನ ಹುದುಗುವಿಕೆಯ ಉತ್ಪನ್ನಕ್ಕೆ ತಲುಪಿತು, ಸಂಶಯ ಅದರಲ್ಲಿದ್ದ ಅಲ್ಪ ಪ್ರಮಾಣದ ಕಲ್ಮಶಗಳ ಮೇಲೆ ಬಿತ್ತು. ಆ ಟ್ರಿಪ್ಟೊಫಾನ್ ಶೇಕಡ 99ಕ್ಕಿಂತಲೂ ಹೆಚ್ಚು ಶುದ್ಧವಾಗಿತ್ತು.