ಪದ ಪರಿಚಯ: ಆತ್ಮಿಕ ಪ್ರೌಢತೆ

ಚರ್ಚಿನ ಸಭೆಯಲ್ಲಿ ಯಾರಾದರೂ ಗಂಟೆಗಟ್ಟಲೆ ಪ್ರಾರ್ಥನೆ ಮಾಡಿದರೆ, ವಚನಗಳನ್ನು ಬಾಯಿಪಾಠ ಹೇಳಿದರೆ, "ಅವರು ಆತ್ಮಿಕವಾಗಿ ತುಂಬಾ ಬೆಳೆದವರು" ಅಂತ ಹೇಳಿಬಿಡುತ್ತೇವೆ ಅಲ್ವಾ? ಬೈಬಲಿನ ಹೊಸ ಒಡಂಬಡಿಕೆ ಈ ಬೆಳವಣಿಗೆಯನ್ನು ಅಳೆಯುವ ರೀತಿಯೇ ಬೇರೆ. ಅದು ಚೆನ್ನಾಗಿ ಕಾಣುವುದು ಕೊರಿಂಥದ ಸಭೆಯಲ್ಲಿ.

ಕೊರಿಂಥ ಗ್ರೀಸಿನ ವ್ಯಾಪಾರದ ಊರು. ಯೇಸುವಿನ ಸುವಾರ್ತೆ ಸಾರುತ್ತಾ ಊರೂರು ತಿರುಗಿದ ಅಪೊಸ್ತಲ ಪೌಲ ಅಲ್ಲಿ ಒಂದೂವರೆ ವರ್ಷ ಇದ್ದು ಸಭೆ ಕಟ್ಟಿದ. ಆಮೇಲೆ, ಸುಮಾರು ಕ್ರಿ.ಶ. 55ರ ಹೊತ್ತಿಗೆ, ಎಫೆಸದಿಂದ ಅವರಿಗೆ ಪತ್ರ ಬರೆದ. ನಿಮಗೆ ಯಾವ ವರಕ್ಕೂ, ಅಂದರೆ ದೇವರ ಆತ್ಮ ಕೊಡುವ ವಿಶೇಷ ಸಾಮರ್ಥ್ಯಕ್ಕೂ, ಕೊರತೆಯಿಲ್ಲ ಎಂದು ಶುರುವಿನಲ್ಲೇ ಒಪ್ಪಿಕೊಳ್ಳುತ್ತಾನೆ. ಅನ್ಯಭಾಷೆ (ಆತ್ಮದ ಪ್ರೇರಣೆಯಿಂದ ತಾನರಿಯದ ಭಾಷೆಯಲ್ಲಿ ಮಾತಾಡುವುದು), ಪ್ರವಾದನೆ (ದೇವರ ಸಂದೇಶ ನುಡಿಯುವುದು), ಜ್ಞಾನ ಎಲ್ಲವೂ ಅಲ್ಲಿತ್ತು. ಹಾಗಿದ್ದೂ 3ನೇ ಅಧ್ಯಾಯದಲ್ಲಿ ಅವರನ್ನು ಇನ್ನೂ ಹಾಲು ಕುಡಿಯುವ ಕೂಸುಗಳು ಅನ್ನುತ್ತಾನೆ. ಕಾರಣ ಹೊಟ್ಟೆಕಿಚ್ಚು, ಜಗಳ. ಒಬ್ಬ ಪೌಲನ ಕಡೆ, ಇನ್ನೊಬ್ಬ ಅಲ್ಲಿ ಬೋಧಿಸಿದ್ದ ಅಪೊಲ್ಲೋಸನ ಕಡೆ. ಸಹೋದರರೇ ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗಿದ್ದರು. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಸೇರಿದಾಗ ಒಬ್ಬ ಹಸಿದು ಕೂತಿದ್ದರೆ ಇನ್ನೊಬ್ಬನಿಗೆ ಅಮಲೇರಿರುತ್ತಿತ್ತು.

ವರಗಳು ತುಂಬಿದ ಸಭೆಯೂ ಎಳೆಯದಾಗಿಯೇ ಉಳಿಯಬಹುದು. ಇದನ್ನು ನಾವು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು ಅನಿಸುತ್ತದೆ.

ಹಾಗಾದರೆ ಬೆಳೆದವರು ಹೇಗಿರುತ್ತಾರೆ? ಅದೇ ಪತ್ರದ 8ನೇ ಅಧ್ಯಾಯದ ಮಾಂಸದ ವಿಷಯ ನೋಡಿ. ವಿಗ್ರಹಕ್ಕೆ ಅರ್ಪಿಸಿದ ಮಾಂಸವನ್ನು ವಿಶ್ವಾಸಿ ತಿನ್ನಬಹುದೇ ಎಂಬ ಪ್ರಶ್ನೆ ಅಲ್ಲಿ ಎದ್ದಿತ್ತು. ಕೆಲವರು, "ವಿಗ್ರಹ ಅನ್ನುವುದೇ ಏನೂ ಅಲ್ಲ, ತಿಂದರೇನು?" ಅಂದರು. ಪೌಲ ಅವರ ವಾದವನ್ನು ಒಪ್ಪುತ್ತಾನೆ. ಆದರೆ ನಿನ್ನೆಮೊನ್ನೆಯವರೆಗೂ ಆ ವಿಗ್ರಹಕ್ಕೆ ಕೈಮುಗಿಯುತ್ತಿದ್ದವನು ಪಕ್ಕದಲ್ಲೇ ಇದ್ದಾನೆ. ಇವರು ತಿನ್ನುವುದನ್ನು ನೋಡಿ ಅವನೂ ತಿಂದರೆ, ಅವನ ಮನಸ್ಸಾಕ್ಷಿಗೆ ಪೆಟ್ಟು ಬೀಳುತ್ತದೆ. ನನ್ನ ಊಟದಿಂದ ಸಹೋದರ ಎಡವುವುದಾದರೆ ನಾನು ಮಾಂಸವನ್ನೇ ಮುಟ್ಟುವುದಿಲ್ಲ ಅನ್ನುತ್ತಾನೆ ಪೌಲ. ಬಲಹೀನನಿಗಾಗಿ ತನ್ನ ಹಕ್ಕನ್ನೇ ಬಿಟ್ಟುಕೊಡುವುದು! ನನಗೆ ಆತ್ಮಿಕ ಪ್ರೌಢತೆಯ ಅರ್ಥ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಂಡಿಲ್ಲ.

ಕರ್ನಾಟಕದ ಕ್ರೈಸ್ತರಿಗೆ ಇದು ಹಳೇ ಕಥೆ ಅನಿಸುವುದಿಲ್ಲ. ಹಬ್ಬದ ದಿನ ಪಕ್ಕದ ಮನೆಯವರು ಪ್ರೀತಿಯಿಂದ ಪ್ರಸಾದ ತಂದುಕೊಟ್ಟಾಗ ಇದೇ ಪ್ರಶ್ನೆ ಬರುತ್ತದೆ. ಒಬ್ಬ ವಿಶ್ವಾಸಿ ತೆಗೆದುಕೊಳ್ಳುತ್ತಾನೆ, ಇನ್ನೊಬ್ಬ ಬೇಡ ಅನ್ನುತ್ತಾನೆ. ಇಬ್ಬರೂ ಮರುದಿನ ಒಬ್ಬರನ್ನೊಬ್ಬರು ಹೇಗೆ ಮಾತಾಡಿಸುತ್ತಾರೆ ಅನ್ನುವುದರಲ್ಲಿ ಅವರ ಬೆಳವಣಿಗೆ ಜಾಸ್ತಿ ಗೊತ್ತಾಗುತ್ತದೆ.

ವರ್ಷ ಕಳೆದ ಮಾತ್ರಕ್ಕೆ ಇದು ಬರುವುದಿಲ್ಲ. ಇಷ್ಟು ಹೊತ್ತಿಗೆ ನೀವು ಬೋಧಕರಾಗಿರಬೇಕಿತ್ತು, ಇನ್ನೂ ಹಾಲೇ ಬೇಕಾಗಿದೆಯಲ್ಲ ಎಂದು ಹೊಸ ಒಡಂಬಡಿಕೆಯ ಇನ್ನೊಂದು ಪತ್ರವಾದ ಇಬ್ರಿಯರ ಪತ್ರ ಬೇಸರಪಡುತ್ತದೆ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಗುರುತಿಸುವುದು ಅಭ್ಯಾಸದಿಂದ ಬರುತ್ತದೆ ಅನ್ನುತ್ತದೆ. ವಾಕ್ಯ, ಪ್ರಾರ್ಥನೆ, ಉಪವಾಸ ಎಲ್ಲ ಬೇಕು. ಅವು ಮನೆಯಲ್ಲಿ, ಕೆಲಸದಲ್ಲಿ, ದುಡ್ಡಿನ ವ್ಯವಹಾರದಲ್ಲಿ ಪ್ರತಿದಿನ ಬಳಕೆಗೆ ಬರಬೇಕು. ಬೆಳೆಸುವವನು ದೇವರೇ ಎಂದು ಪೌಲ ಹೇಳಿದ್ದು ನಿಜ. ಹಾಗಂತ ಸುಮ್ನೆ ಕೂರಿ ಎಂದು ಅವನು ಎಲ್ಲೂ ಹೇಳಲಿಲ್ಲ.

ಇದಕ್ಕೆ ಕೊನೆಯ ಮೆಟ್ಟಿಲು ಅಂತ ಇದೆಯೇ? ಈ ಲೋಕದಲ್ಲಿ ಇಲ್ಲ. ಸೆರೆಯಲ್ಲಿದ್ದು ಫಿಲಿಪ್ಪಿ ಊರಿನ ಸಭೆಯವರಿಗೆ ಬರೆಯುವಾಗ, ನಾನಿನ್ನೂ ಗುರಿ ಮುಟ್ಟಿಲ್ಲ, ಓಡುತ್ತಲೇ ಇದ್ದೇನೆ ಅನ್ನುತ್ತಾನೆ ಪೌಲ. ಬೆಳೆದವರೆಲ್ಲ ಹೀಗೇ ಯೋಚಿಸಲಿ ಎಂದೂ ಸೇರಿಸುತ್ತಾನೆ.

ಅವನ ಬದುಕಿನಲ್ಲೂ ಇದಕ್ಕೊಂದು ಗುರುತಿದೆ. ಯುವಕ ಮಾರ್ಕ ಮೊದಲ ಸುವಾರ್ತಾ ಪ್ರಯಾಣದ ಅರ್ಧದಲ್ಲೇ ಬಿಟ್ಟುಹೋಗಿದ್ದ. ಮುಂದಿನ ಸಲ ಅವನನ್ನು ಕರೆದುಕೊಂಡು ಹೋಗುವ ಮಾತು ಬಂದಾಗ ಪೌಲ ಖಡಾಖಂಡಿತವಾಗಿ ಬೇಡ ಅಂದ. ಆ ವಾಗ್ವಾದದಲ್ಲಿ, ಮಾರ್ಕನನ್ನು ಕರೆದುಕೊಂಡು ಹೋಗಬೇಕೆಂದಿದ್ದ ಜೊತೆಗಾರ ಬಾರ್ನಬನೂ ಪೌಲನೂ ಬೇರೆಯಾದರು. ಎಷ್ಟೋ ವರ್ಷಗಳ ನಂತರ, ಶಿಷ್ಯ ತಿಮೊಥೆಯನಿಗೆ ಪೌಲನ ಹೆಸರಿನಲ್ಲಿರುವ ಎರಡನೇ ಪತ್ರದ ಕೊನೆಯಲ್ಲಿ, ಮಾರ್ಕನನ್ನು ಕರೆದುಕೊಂಡು ಬಾ, ಸೇವೆಯಲ್ಲಿ ಅವನು ನನಗೆ ಉಪಯೋಗಕ್ಕೆ ಬರುತ್ತಾನೆ ಎಂಬ ಮಾತಿದೆ. ಅಷ್ಟರಲ್ಲಿ ಮಾರ್ಕ ಬೆಳೆದಿದ್ದ. ಪೌಲನೂ ಬೆಳೆದಿದ್ದ ಎಂದೇ ನಾನು ಓದಿಕೊಳ್ಳುತ್ತೇನೆ.